ರೇಣಿಯ ಹೆಂಗಸರು ಕಾಯ್ದ ಕಾಡು

ಜೋಶಿಮಠ, ಅಕ್ಟೋಬರ್



ಜೋಶಿಮಠದಿಂದ ನೀತಿ ಕಣಿವೆಯ ಕಡೆಗೆ ಹೋಗುವ ರಸ್ತೆಯಲ್ಲಿ ತಪೋವನವನ್ನು ದಾಟಿದ ಮೇಲೆ, ನಂದಾದೇವಿಯ ಹಿಮಪ್ರದೇಶದಿಂದ ಇಳಿದುಬರುವ ಋಷಿಗಂಗೆಯು ಧೌಲಿಗಂಗೆಯನ್ನು ಕೂಡುವಲ್ಲಿ ರೇಣಿ ಎಂಬ ಸಣ್ಣ ಊರಿದೆ. ಇಲ್ಲಿನ ನಿವಾಸಿಗಳಾದ ಭೋಟಿಯಾ ಸಮುದಾಯದವರು ಹಿಂದೆ ಟಿಬೆಟ್ಟಿನೊಡನೆ ಉಪ್ಪು ಮತ್ತು ಉಣ್ಣೆಯ ವ್ಯಾಪಾರ ನಡೆಸುತ್ತಿದ್ದು, 1962ರ ಯುದ್ಧದಿಂದ ಗಡಿ ಮುಚ್ಚಿದಾಗ ಬೇಸಾಯವನ್ನೂ ಕುರಿಗಳನ್ನೂ ಕಾಡನ್ನೂ ಹೆಚ್ಚಾಗಿ ನೆಚ್ಚಬೇಕಾಯಿತು. ಮರ ಕಡಿಯಲು ಬಂದವರೆದುರು ಮರವನ್ನು ಅಪ್ಪಿ ನಿಲ್ಲುವ ಚಿಪ್ಕೋ ಚಳವಳಿಗೆ ದೇಶದಾದ್ಯಂತ ಹೆಸರು ತಂದದ್ದು ಈ ಊರು.

1970ರ ಜುಲೈನಲ್ಲಿ ಅಲಕನಂದೆಯ ಮಹಾಪೂರ ಈ ಕಣಿವೆಗಳನ್ನು ಕೊಚ್ಚಿದ ಬಳಿಕ, ಮೇಲಿನ ಇಳಿಜಾರುಗಳ ಮರ ಕಡಿದಷ್ಟೂ ಕೆಳಗಿನ ಊರುಗಳಿಗೆ ಅಪಾಯವೆಂಬ ಅರಿವನ್ನು ಚಂಡೀಪ್ರಸಾದ ಭಟ್ಟರ ದಶೋಲಿ ಗ್ರಾಮ ಸ್ವರಾಜ್ಯ ಸಂಘ ಹಬ್ಬಿಸಿತ್ತು. ಆದರೂ ರೇಣಿಯ ಕಾಡಿನ ಸುಮಾರು ಎರಡೂವರೆ ಸಾವಿರ ಮರಗಳು ಹರಾಜಾದವು. 1974ರ ಮಾರ್ಚ್ 26ರಂದು, ಸೈನ್ಯಕ್ಕೆ ಹೋದ ಜಮೀನಿನ ಪರಿಹಾರ ಪಡೆಯಲು ಗಂಡಸರು ಚಮೋಲಿಗೆ ಹೋಗಿದ್ದ ವೇಳೆಯಲ್ಲೇ ಗುತ್ತಿಗೆದಾರನ ಆಳುಗಳು ಕಾಡಿನತ್ತ ಏರತೊಡಗಿದ್ದನ್ನು ಹುಡುಗಿಯೊಬ್ಬಳು ಕಂಡು, ಮಹಿಳಾ ಮಂಗಲ ದಳದ, ಎಂದರೆ ಊರ ಹೆಂಗಸರ ಸಂಘದ, ಮುಖ್ಯಸ್ಥೆ ಗೌರಾದೇವಿಗೆ ಸುದ್ದಿ ಮುಟ್ಟಿಸಿದಳು. ಚಿಕ್ಕಪ್ರಾಯದಲ್ಲೇ ವಿಧವೆಯಾಗಿ ಮಗನನ್ನು ಸಾಕಿ ಬೆಳೆಸಿದ, ಶಾಲೆಯ ಮೆಟ್ಟಿಲು ಹತ್ತದ ಆಕೆ ಇಪ್ಪತ್ತೇಳು ಮಂದಿ ಹೆಂಗಸರು ಹುಡುಗಿಯರನ್ನು ಕೂಡಿಸಿಕೊಂಡು ಹೋಗಿ ಆಳುಗಳನ್ನು ತಡೆದರು. ಬೈಗುಳಕ್ಕೂ ಬಂದೂಕಿನ ಬೆದರಿಕೆಗೂ ಜಗ್ಗದೆ, ಈ ಕಾಡು ತಮಗೆ ತವರುಮನೆಯೆಂದು ವಾದಿಸಿ, ರಾತ್ರಿಯಿಡೀ ಕಾವಲು ಕೂತರು. ಚಿತ್ರಗಳಲ್ಲಿ ಅಪ್ಪುಗೆಯೇ ಎದ್ದು ಕಾಣುತ್ತದೆಯಾದರೂ, ಅಂದು ಕೆಲಸ ಮಾಡಿದ್ದು ಮುಖ್ಯವಾಗಿ ಅವರ ಬಾಯಿ ಮತ್ತು ಹಟ.

ಬಳಿಕ ಸರ್ಕಾರ ನೇಮಿಸಿದ, ಸಸ್ಯವಿಜ್ಞಾನಿ ವೀರೇಂದ್ರ ಕುಮಾರರ ನೇತೃತ್ವದ ಸಮಿತಿ ಹೆಂಗಸರ ಮಾತೇ ಸರಿಯೆಂದು ಕಂಡಿತು; ಅದರ ವರದಿಯನ್ನು ಅನುಸರಿಸಿ ಸುಮಾರು 1,200 ಚದರ ಕಿ.ಮೀ. ಪ್ರದೇಶದಲ್ಲಿ ಹತ್ತು ವರ್ಷ ಮರ ಕಡಿಯುವುದು ನಿಂತಿತು.

ಈ ಹೋರಾಟವನ್ನು ಪ್ರಕೃತಿಪೂಜೆಯೆಂದು ಬಣ್ಣಿಸುವುದು ರೂಢಿಯಾಗಿದ್ದು, ಅದರಲ್ಲಿ ಹೆಂಗಸರ ದುಡಿಮೆ ಮರೆಯಾಗುತ್ತದೆ. ಹುಲ್ಲು, ಸೌದೆ, ನೀರು ಹೊರುವವರು ಅವರೇ ಆದುದರಿಂದ ಕಾಡು ದೂರವಾದರೆ ದಾರಿ ಉದ್ದವಾಗುವುದು ಅವರಿಗೇ. ಅಡಿಕೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವಿಲ್ಲದೆ ಮಲೆನಾಡಿನ ಬೇಸಾಯ ಹೇಗೆ ನಡೆಯದೋ, ಈ ಕಾಡಿಲ್ಲದೆ ಇಲ್ಲಿನ ಬದುಕೂ ಹಾಗೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸುತ್ತಲಿನ ಜನ ಅಪ್ಪಿಕೋ ಚಳವಳಿ ಆರಂಭಿಸಿದ್ದು ಇದೇ ಚಿಪ್ಕೋದ ಪ್ರೇರಣೆಯಿಂದ. ಅದಕ್ಕೂ ಮೊದಲು, 1980ರಲ್ಲಿ, ರೇಣಿಯಿರುವ ಚಮೋಲಿ ಜಿಲ್ಲೆಯದೇ ಆದ ಡುಂಗ್ರಿ–ಪೈಂತೋಲಿಯಲ್ಲಿ, ರಸ್ತೆ, ವಿದ್ಯುತ್ತು, ಶಾಲೆಗಳ ಭರವಸೆಗೆ ಒಲಿದು ಊರಿನ ಗಂಡಸರು ಓಕ್ ಕಾಡನ್ನು ಆಲೂಗಡ್ಡೆ ಬೀಜದ ಕ್ಷೇತ್ರಕ್ಕಾಗಿ ಬಿಟ್ಟುಕೊಡಲು ಒಪ್ಪಿದಾಗ, ಹೆಂಗಸರು ತಮ್ಮ ಮನೆಯವರಿಗೇ ಎದುರು ನಿಂತು ಕಾಡುಳಿಸಿಕೊಂಡದ್ದು ಹೆಂಗಸರ ದುಡಿಮೆಯ ದೃಷ್ಟಿಯಿಂದ ರೇಣಿಗಿಂತ ಹೆಚ್ಚು ಮಹತ್ವದ್ದೆನ್ನಬಹುದು. ಅದರ ಹೆಸರು ಪಠ್ಯಪುಸ್ತಕಗಳಲ್ಲಿ ಅಪರೂಪ.

ಕಾಡನ್ನು ಕಾಯ್ದವರಿಗೆ ದೊರೆತದ್ದು ಅಷ್ಟಕ್ಕಷ್ಟೇ. 1982ರಲ್ಲಿ ನಂದಾದೇವಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಗಿ, ರೇಣಿ ಮತ್ತು ಸುತ್ತಲಿನ ಊರುಗಳವರ ಕುರಿಮೇವಿಗೂ ಚಾರಣಿಗರಿಗೆ ದಾರಿ ತೋರುವ ದುಡಿಮೆಗೂ ಮೇಲಿನ ಹುಲ್ಲುಗಾವಲು ಮುಚ್ಚಿಹೋಯಿತು. ಗೌರಾದೇವಿ 1991ರಲ್ಲಿ ತೀರಿಕೊಂಡರು. ಬಳಿಕ ಋಷಿಗಂಗೆಯ ಮೇಲೆ ಜಲವಿದ್ಯುತ್ ಘಟಕ ಬಂದು, ಅಲ್ಲಿನ ಸ್ಫೋಟಕಗಳ ಬಳಕೆಯ ವಿರುದ್ಧ ಊರಿನವರು 2019ರಲ್ಲಿ ಉತ್ತರಾಖಂಡ ಹೈಕೋರ್ಟಿಗೆ ಮೊರೆಹೋದರು. 2021ರ ಫೆಬ್ರವರಿ 7ರಂದು ಮೇಲಿನ ಬೆಟ್ಟದಿಂದ ಬಂಡೆ ಮತ್ತು ಹಿಮದ ರಾಶಿ ಕುಸಿದು ಹರಿದುಬಂದ ಪ್ರವಾಹ ಆ ಘಟಕವನ್ನೇ ಅಳಿಸಿಹಾಕಿ, ಕಣಿವೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದೇ ವರ್ಷ ಜುಲೈನಲ್ಲಿ, ಕಣಿವೆಯ ಜಲವಿದ್ಯುತ್ ಯೋಜನೆಗಳ ಪರಿಸರ ಅನುಮತಿಯನ್ನು ರದ್ದುಮಾಡಬೇಕೆಂದು ರೇಣಿಯವರೂ ಸೇರಿ ಸಲ್ಲಿಸಿದ ಅರ್ಜಿಯನ್ನು, ಅರ್ಜಿದಾರರು ಸಾಮಾಜಿಕ ಕಾರ್ಯಕರ್ತರೆಂಬುದಕ್ಕೆ ಆಧಾರವಿಲ್ಲವೆಂದು ಹೈಕೋರ್ಟು ತಳ್ಳಿಹಾಕಿ, ಒಬ್ಬೊಬ್ಬರಿಗೂ ಹತ್ತು ಸಾವಿರ ರೂಪಾಯಿ ದಂಡ ವಿಧಿಸಿತು.