ಜಂತ್ರದ ಬಾಗಿಲು

ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳಿಗೆ ಬೆಳಿಗ್ಗೆ ಗಂಜಿ ಬಡಿಸುತ್ತ, "ಇದು ಕಗ್ಗದ ಅಕ್ಕಿಯದ್ದು, ಚೂರು ಉಂಡು ನೋಡು" ಅಂದೆ. ಅವಳು ಚಮಚ ಎತ್ತಿದವಳು ಹಾಗೇ ನಿಂತಳು. "ಕಗ್ಗ ತಿನ್ನೋದಾ ಅಜ್ಜ? ಕಗ್ಗ ಅಂದ್ರೆ ಮಂಕುತಿಮ್ಮನ ಕಗ್ಗ ಅಲ್ವಾ?"

ಡಿವಿಜಿಯವರ ಪುಸ್ತಕ ಅವಳಿಗೆ ಗೊತ್ತಿರುವುದು ಸಂತೋಷವೇ. ಆದರೆ ನಾನು ಉಣ್ಣುತ್ತ ಬೆಳೆದ ಭತ್ತದ ಹೆಸರು ನನ್ನ ಮನೆಯ ಮೂರನೇ ತಲೆಮಾರಿಗೆ ಹೀಗೆ ಪೂರ್ತಿ ಅಳಿಸಿಹೋಗಿದೆಯಲ್ಲ ಎಂದು ಆ ದಿನವಿಡೀ ಎದೆ ಭಾರವಾಗಿತ್ತು. ಆ ಎರಡು ಸೇರು ಅಕ್ಕಿಯೂ ನಮ್ಮದಲ್ಲ. ಮಾಣಿಕಟ್ಟಾದ ಕಡೆ ಕೆಲವು ರೈತರು ಈಗಲೂ ಹಟ ಹಿಡಿದು ಕಗ್ಗ ಬೆಳೆಯುತ್ತಾರೆ; ಪರಿಚಯದವರೊಬ್ಬರು ತಂದುಕೊಟ್ಟದ್ದು. ನಮ್ಮ ಗಜನಿ ಗದ್ದೆಯಲ್ಲಿ ಕಗ್ಗದ ತೆನೆ ಕೊಯ್ದು ಮೂವತ್ತು ವರ್ಷಕ್ಕೂ ಮೇಲಾಯಿತು. ಅದನ್ನು ನಿಲ್ಲಿಸಿದವರಲ್ಲಿ ನಾನೂ ಒಬ್ಬ. ಇದನ್ನು ಅವಳಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಬಂಡೆಯ ಮೇಲಿಂದ ಬಿದ್ದು, ಎಲ್ಲೂ ಒಂದು ಅಣೆಕಟ್ಟಿಗೆ ಸಿಗದೆ ಕುಮಟಾ ತಾಲೂಕಿಗೆ ಬರುವ ಹೊಳೆ. ಸಮುದ್ರಕ್ಕೆ ಸೇರುವ ಮೊದಲು ಅದಕ್ಕೆ ಅವಸರವಿಲ್ಲ. ಮಿರ್ಜಾನದಿಂದ ಈಚೆಗೆ ಅಗಲವಾಗುತ್ತ, ನಡುವೆ ಕುರ್ವೆ ಎನ್ನುವ ದ್ವೀಪಗಳನ್ನು ಬಿಟ್ಟುಕೊಂಡು, ತದಡಿಯ ಅಳಿವೆಯ ಹತ್ತಿರ ಕೆರೆಯಂತೆ ಹರಡಿಕೊಳ್ಳುತ್ತದೆ. ಭರತದ ನೀರು ಒಳನಾಡಿನ ಉಪ್ಪಿನಪಟ್ಟಣದ ತನಕ ಏರುತ್ತದೆ, ಇಳಿತಕ್ಕೆ ಹಿಂದೆ ಸರಿಯುತ್ತದೆ. ದಿನಕ್ಕೆ ಎರಡು ಸಲ. ಈ ಎರಡು ನೀರಿನ ನಡುವೆ ಎದ್ದು ಮುಳುಗುವ ಕೆಸರು ನೆಲಕ್ಕೆ ಒಡ್ಡು ಹಾಕಿ ಗದ್ದೆ ಮಾಡಿಕೊಂಡದ್ದೇ ಗಜನಿ. ಒಡ್ಡಿನಲ್ಲಿ ಒಂದು ಕಿಂಡಿ. ಕಿಂಡಿಯ ಎರಡು ಬದಿಗೂ ಗಾಡಿ, ಅಂದರೆ ಹಲಗೆ ಕೂರುವ ತೋಡು, ಕೊರೆದ ಕಲ್ಲಿನ ಕಂಬ. ಗಾಡಿಯಲ್ಲಿ ಒಂದರ ಮೇಲೊಂದು ಇಳಿಬಿಡುವ ಹಲಗೆಗಳು. ಅದಕ್ಕೆ ಜಂತ್ರ ಎನ್ನುತ್ತಿದ್ದೆವು.

ನಮ್ಮ ಜಂತ್ರ ಕಾಯುತ್ತಿದ್ದವನು ಒಬ್ಬ ಹಾಲಕ್ಕಿ ಅಜ್ಜ. ಊರೆಲ್ಲ ಅವನನ್ನು ಜಂತ್ರದಜ್ಜ ಎಂದೇ ಕರೆಯುತ್ತಿತ್ತು. ಅವನ ಬಳಿ ಗಡಿಯಾರವಿರಲಿಲ್ಲ, ಅದು ಬೇಕಾಗಿಯೂ ಇರಲಿಲ್ಲ. "ತಮಾ, ನಿನ್ನೆ ಭರತ ಎಷ್ಟೊತ್ತಿಗೆ ಬಂತೋ ಅದಕ್ಕೆ ಎರಡು ಗಳಿಗೆ ಕೂಡಿಸು, ಇವತ್ತಿನದು ಸಿಕ್ತದೆ" ಎಂದು ನನಗೆ ಕಲಿಸಿದವನು ಅವನು. ಒಂದು ತಿಥಿಗೆ ಎರಡು ಗಳಿಗೆ, ಅಂದರೆ ನಲವತ್ತೆಂಟು ನಿಮಿಷ. ಮುಂದೆ ಕಾಲೇಜಿನಲ್ಲಿ ಚಂದ್ರನ ಆಕರ್ಷಣೆಯ ಪಾಠ ಕೇಳುವಾಗ ಪುಸ್ತಕ ಹೇಳಿದ ಲೆಕ್ಕಕ್ಕೂ ಅಜ್ಜನ ಲೆಕ್ಕಕ್ಕೂ ಒಂದೆರಡು ನಿಮಿಷದ ಅಂತರ ಬಿಟ್ಟರೆ ಏನೂ ಇರಲಿಲ್ಲ. ಅಮಾಸೆ, ಹುಣ್ಣಿಮೆಗೆ ನೀರು ಒಡ್ಡಿನ ತಲೆ ಮುಟ್ಟುವಷ್ಟು ಏರುತ್ತದೆ. ಅಷ್ಟಮಿಯ ಆಸುಪಾಸು ಸೋಮಾರಿಯಾಗಿರುತ್ತದೆ. ಹುಣ್ಣಿಮೆಯ ಹಿಂದುಮುಂದಿನ ರಾತ್ರಿಗಳಲ್ಲಿ ಅಜ್ಜ ಒಡ್ಡಿನ ಮೇಲೇ ಮಲಗುತ್ತಿದ್ದ. ಏಡಿ ತೂತು ಕೊರೆದಲ್ಲಿ ನೀರು ಜಿನುಗುವ ಸದ್ದಿಗೆ ಎಚ್ಚರಾಗುತ್ತದೆ ಎನ್ನುತ್ತಿದ್ದ. ನಾವು ನಂಬುತ್ತಿರಲಿಲ್ಲ. ಒಂದು ರಾತ್ರಿ ಹಟ ಮಾಡಿ ಅವನ ಜೊತೆ ಮಲಗಿದೆ. ಯಾವ ಹೊತ್ತೋ ಏನೋ, ಎದ್ದವನೇ ಕತ್ತಲಲ್ಲಿ ಇಪ್ಪತ್ತು ಮಾರು ನಡೆದು, ಕೂತು, ಕೈತುಂಬ ಜೇಡಿ ಎತ್ತಿ ಒಂದು ಕಡೆ ಒತ್ತಿದ. ನನ್ನ ಕೈ ಹಿಡಿದು ಅಲ್ಲಿಟ್ಟ. ಜೇಡಿಯ ಅಡಿಯಲ್ಲಿ ನೀರು ಇನ್ನೂ ತಣ್ಣಗೆ ಮಿಡಿಯುತ್ತಿತ್ತು.

ಗಜನಿಯಲ್ಲಿ ಮೇ ತಿಂಗಳಿಗೆ ಉಪ್ಪು ನೀರು ಹೊರಹಾಕಿ, ನೆಲ ಒಣಗಿಸಿ, ಅಗೆದು ಬಿಡುತ್ತಿದ್ದೆವು. ಮೊದಲ ಮಳೆಗಳು ಮಣ್ಣಿನ ಉಪ್ಪು ತೊಳೆದಮೇಲೆ ಮೊಳಕೆ ಬರಿಸಿದ ಕಗ್ಗ ಬಿತ್ತನೆ. ಆಮೇಲೆ ಕಗ್ಗಕ್ಕೆ ನಾವು ಮಾಡುವುದು ಹೆಚ್ಚೇನೂ ಇಲ್ಲ. ಗೊಬ್ಬರ ಹೊಳೆಯೇ ತರುತ್ತದೆ. ಆಷಾಢದ ನೆರೆಯಲ್ಲಿ ದಿನಗಟ್ಟಲೆ ಮುಳುಗಿ ಕಣ್ಣಿಗೇ ಕಾಣದಂತಾದರೂ ನೀರಿಳಿದಮೇಲೆ ಕೆಸರು ಮೆತ್ತಿದ ತಲೆ ಎತ್ತಿಕೊಂಡು ನಿಂತಿರುತ್ತದೆ. ಬೇರೆ ಯಾವ ಭತ್ತವಾದರೂ ಅಲ್ಲೇ ಕೊಳೆಯುತ್ತಿತ್ತು. ಕರಿ ಕಗ್ಗ, ಬಿಳಿ ಕಗ್ಗ ಎಂದು ಎರಡು ಜಾತಿ. ಆಳೆತ್ತರಕ್ಕೆ ಹತ್ತಿರ ಬೆಳೆಯುವ ಪೈರು.

ಕಷ್ಟದ ಕಾಲ ಭಾದ್ರಪದದ ಕೊನೆಗೆ. ಮಳೆ ಕಡಿಮೆಯಾಗುತ್ತಲೇ ಹೊಳೆಯ ಸಿಹಿನೀರನ್ನು ಹಿಂದೆ ದಬ್ಬಿಕೊಂಡು ಸಮುದ್ರ ಒಳಗೆ ಬರತೊಡಗುತ್ತದೆ. ಹಾಲು ತುಂಬುವ ತೆನೆಗೆ ಎಷ್ಟು ಉಪ್ಪು ತಡೆದೀತು, ಬಾಗಿಲು ಯಾವತ್ತು ಪೂರ್ತಿ ಮುಚ್ಚಬೇಕು? ಅಜ್ಜ ಜಂತ್ರದ ಹೊರಬದಿಗೆ ಇಳಿದು, ಬೊಗಸೆಯಲ್ಲಿ ನೀರೆತ್ತಿ ನಾಲಗೆಗೆ ಮುಟ್ಟಿಸುತ್ತಿದ್ದ. ಉಗುಳುತ್ತಿದ್ದ. ಸುಮ್ಮನೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. "ಇನ್ನೂ ಮೂರು ದಿವಸ" ಅನ್ನುತ್ತಿದ್ದ, ಇಲ್ಲವೇ ಏನೂ ಹೇಳದೆ ಹಲಗೆಗೆ ಕೈ ಹಾಕುತ್ತಿದ್ದ. ಎರಡು ಸಾಲು ಹಲಗೆ, ನಡುವೆ ಹುಲ್ಲು ಬೆರೆಸಿದ ಜೇಡಿ, ಅದನ್ನು ಕಾಲಲ್ಲಿ ತುಳಿದು ತುಂಬುವುದು. ನಲವತ್ತು ಎಕರೆಯ ಅನ್ನ ಆ ನಾಲಗೆಯ ಮೇಲಿತ್ತು. ನಾನು ನೋಡಿದಷ್ಟು ವರ್ಷ ಅದು ಒಮ್ಮೆಯೂ ತಪ್ಪಲಿಲ್ಲ.

ಕೊಯ್ಲು ನಿಂತ ನೀರಲ್ಲೇ. ತೆನೆಯನ್ನಷ್ಟೇ ಕೊಯ್ದುಕೊಂಡು ಹುಲ್ಲನ್ನು ನೀರಿಗೇ ಬಿಡುವುದು. ಆ ಹುಲ್ಲು ಕೊಳೆಯುವ ವಾಸನೆ ನನ್ನ ಮೂಗಿನಿಂದ ಇವತ್ತಿಗೂ ಹೋಗಿಲ್ಲ. ಜಂತ್ರ ತೆಗೆದು ಉಪ್ಪು ನೀರು ಮೊದಲ ಸಲ ಒಳಬಿಟ್ಟ ದಿನದಿಂದ ವಾರದೊಳಗೆ ಅದು ಏಳುತ್ತಿತ್ತು: ಹುಳಿಗಂಜಿ, ಹಸಿ ಜೇಡಿ, ಸುಣ್ಣದ ಗೂಡಿನಲ್ಲಿ ಸುಡುವ ಚಿಪ್ಪಿ, ಇವೆಲ್ಲ ಸೇರಿದಂಥದ್ದು. ಘಟ್ಟದ ಮೇಲಿನಿಂದ ಬಂದ ನೆಂಟರು ಸೆರಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ಹಬ್ಬದ ವಾಸನೆ. ಕೊಳೆತ ಹುಲ್ಲು ಶೆಟ್ಲಿಯ, ಅಂದರೆ ಸಿಗಡಿಯ, ಮೇವು. ಭರತದ ಜೊತೆ ಒಳಬಂದ ಮರಿಗಳು ಅದನ್ನು ತಿಂದು ಬೆರಳಿನಷ್ಟಾಗುತ್ತಿದ್ದವು. ಇಳಿತದ ರಾತ್ರಿ ಜಂತ್ರದ ಬಾಯಿಗೆ ಚೀಲದ ಬಲೆ ಕಟ್ಟಿ, ಲಾಟೀನು ಹಿಡಿದು ಕೂತರೆ ಶೆಟ್ಲಿ, ಕಾಗಳಸಿ ಮೀನು, ಏಡಿ. ಬಲೆಯ ಪಾಲು ಗದ್ದೆಯವರಿಗೆ. ಬಾಗಿಲ ಬಾಯಿ ಬಿಟ್ಟು ಉಳಿದ ನೀರಲ್ಲಿ ಕೈಯಲ್ಲಿ ಹಿಡಿದದ್ದು ಯಾರದ್ದಾದರೂ ಆದೀತು. ಮಾರನೇ ಬೆಳಿಗ್ಗೆ ಹೆಂಗಸರು ಸೊಂಟದ ತನಕ ಕೆಸರಲ್ಲಿ ಇಳಿದು ಬುಟ್ಟಿ ತೇಲಿಸಿಕೊಂಡು ಬರುತ್ತಿದ್ದರು. ಗಜನಿಯಲ್ಲಿ ಒಂದಂಗುಲ ಜಮೀನಿಲ್ಲದ ಮನೆಯಲ್ಲೂ ಆ ತಿಂಗಳುಗಳಲ್ಲಿ ಸಾರಿಗೆ ಕೊರತೆಯಿರಲಿಲ್ಲ.

ಹೀಗೆ ಬರೆಯುತ್ತ ಹೋದರೆ ಎಲ್ಲ ಚಂದವೇ ಇತ್ತು ಅನ್ನಿಸೀತು. ಇರಲಿಲ್ಲ. ಕಗ್ಗದ ಇಳುವರಿ ಕಡಿಮೆ. ದಿನಕರ ದೇಸಾಯಿಯವರು ರೈತರನ್ನು ಕಟ್ಟಿಕೊಂಡು ಹೋರಾಡಿದ ಜಿಲ್ಲೆ ಇದು. ಯಾಕೆ ಹೋರಾಡಬೇಕಾಯಿತು ಎಂದು ನನ್ನ ಅಪ್ಪನಿಗೆ ಗೊತ್ತಿತ್ತು. ಗೇಣಿ ಅಳೆದ ಮೇಲೆ ಶ್ರಾವಣ ಕಳೆಯುವುದರೊಳಗೆ ಕಣಜದ ತಳ ಕಾಣುತ್ತಿತ್ತು. ಒಡ್ಡು ಒಡೆದರೆ ಧಣಿಯ ಆಳು ಬಂದು ಕರೆಯುತ್ತಿದ್ದ, ಮಳೆಯಲ್ಲಿ ರಾತ್ರಿಯಿಡೀ ಬುಟ್ಟಿಯಲ್ಲಿ ಮಣ್ಣು ಹೊತ್ತವರಿಗೆ ಸಿಗುತ್ತಿದ್ದದ್ದು ಒಂದು ಊಟ. ಕೊಯ್ಲು ಮುಗಿಯುವಾಗ ನನ್ನ ಅಮ್ಮನ ಕಾಲ್ಬೆರಳ ಸಂದುಗಳು ಕೊಳೆತು ಬಿಳಿಚಿಕೊಂಡಿರುತ್ತಿದ್ದವು. ಅವಳು ಒಲೆಯ ಉರಿಗೆ ಕಾಲು ಹಿಡಿದು ಹಲ್ಲು ಕಚ್ಚುತ್ತಿದ್ದಳು. ಜಂತ್ರದಜ್ಜನಿಗೂ ಸ್ವಂತ ಗದ್ದೆಯಿರಲಿಲ್ಲ. ಅವನ ವಿದ್ಯೆಗೆ ನಾವು ಕೊಡುತ್ತಿದ್ದದ್ದು ವರ್ಷಕ್ಕೆ ಇಷ್ಟು ಭತ್ತ, ಬಲೆಯ ಒಂದು ಪಾಲು. ಅದು ಸಾಲದು ಎಂದು ಆಗ ನನಗೆ ತೋಚಲಿಲ್ಲ.

1974ರಲ್ಲಿ ಭೂಸುಧಾರಣೆ ಬಂತು. ಅಪ್ಪನ ಹೆಸರಿಗೆ ಗದ್ದೆಯಾಯಿತು. ಅವತ್ತು ಅಪ್ಪ ಅತ್ತದ್ದನ್ನು ಕಂಡಿದ್ದೇನೆ, ಅದರ ಬಗ್ಗೆ ನನ್ನದು ಒಂದೇ ಒಂದು ಆಕ್ಷೇಪವೂ ಇಲ್ಲ. ಆದರೆ ಒಡ್ಡು ಎಲ್ಲರದಾಯಿತು, ಅಂದರೆ ಯಾರದೂ ಆಗಲಿಲ್ಲ. ಮಣ್ಣಿನ ಒಡ್ಡಿನ ಜಾಗಕ್ಕೆ ಸರ್ಕಾರದ ಖಾರಲ್ಯಾಂಡ್ ಯೋಜನೆಯ ಕಲ್ಲಿನ ಒಡ್ಡು ಬಂದಮೇಲೆ, ಕಲ್ಲು ತಾನೆ, ಇರುತ್ತದೆ ಎಂದು ವರ್ಷಕ್ಕೊಮ್ಮೆ ಸೇರಿ ಮಣ್ಣು ಹಾಕುವ ಪದ್ಧತಿಯೂ ನಿಂತಿತು. ಏಡಿಗೆ ಕಲ್ಲು ಮಣ್ಣು ಎರಡೂ ಒಂದೇ ಎಂದು ಅಜ್ಜ ಒಬ್ಬನೇ ಹೇಳುತ್ತಿದ್ದ.

ಆ ಹೊತ್ತಿಗೆ ಶೆಟ್ಲಿಗೆ ಪರದೇಶದ ಬೆಲೆ ಬಂತು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೊರಗಿನಿಂದ ಒಬ್ಬ ಗುತ್ತಿಗೆದಾರ ಬಂದ, ಗಜನಿಯನ್ನು ವರ್ಷಪೂರ್ತಿ ಗುತ್ತಿಗೆಗೆ ಕೇಳಿದ. ಶಾಲೆಯ ಜಗುಲಿಯಲ್ಲಿ ಸಭೆ. ಅವನದು ಮೆತ್ತಗಿನ ಮಾತು. ಎಕರೆಗೆ ಇಷ್ಟು ಎಂದ. ಕಗ್ಗ ಬೆಳೆದು ಮಾರಿದರೆ ಬರುವುದಕ್ಕಿಂತ ಆಗಲೇ ಹೆಚ್ಚು. ಅಪ್ಪ ಎದ್ದು ನಿಂತು ಒಂದೇ ಷರತ್ತು ಹಾಕಿದರು: ಮಳೆಗಾಲದ ಐದು ತಿಂಗಳು ಕಗ್ಗಕ್ಕೆ ಬಿಟ್ಟುಕೊಡಿ, ಉಳಿದ ಏಳು ತಿಂಗಳು ನಿಮ್ಮದು. ಅವನು ಐನೂರು ಏರಿಸಿದ. ಐದು ತಿಂಗಳಾಗದಿದ್ದರೆ ನಾಲ್ಕು ಸಾಕು ಎಂದರು ಅಪ್ಪ. ಮತ್ತೆ ಐನೂರು. ಪ್ರತಿ ಸಲ ಅಪ್ಪ ಕಾಲ ಕೇಳಿದರು, ಪ್ರತಿ ಸಲ ಅವನು ದುಡ್ಡು ಕೊಟ್ಟ. ಮೂರನೇ ಐನೂರಿಗೆ ಜಗುಲಿಯ ಜನ ಅಪ್ಪನತ್ತ ತಿರುಗಿ ಸಾಕು ಕೂತುಕೊಳ್ಳಿ ಎಂದರು. ಹೆಣ್ಣುಮಕ್ಕಳ ಮದುವೆಯಿತ್ತು, ಮನೆಗೆ ಹಂಚು ಹೊದೆಸಬೇಕಿತ್ತು. ನನಗೂ ಬೈಕಿನ ಆಸೆಯಿತ್ತು.

ಕಂಬಕ್ಕೆ ಒರಗಿ ಕೂತಿದ್ದ ಅಜ್ಜ ಒಂದು ಮಾತು ಹೇಳಿದ: "ದುಡ್ಡು ಎಷ್ಟಾದ್ರೂ ಮಾಡಿಕೊಳ್ಳಿ. ಬಾಗಿಲು ಮಾತ್ರ ಊರ ಕೈಯಲ್ಲಿರಲಿ."

ಯಾರೂ ಉತ್ತರ ಕೊಡಲಿಲ್ಲ. ಊರಲ್ಲಿ ಅಕ್ಷರ ಚಂದವಿದ್ದವನು ನಾನು. ಕರಾರುಪತ್ರ ನನ್ನ ಕೈಯಲ್ಲೇ ಬರೆಸಿದರು. ಜಂತ್ರ ತೆಗೆಯುವ ಮುಚ್ಚುವ ಹಕ್ಕು ಗುತ್ತಿಗೆದಾರನಿಗೆ ಸೇರಿದ್ದು ಎಂಬ ಸಾಲನ್ನು ನಾನೇ ಬರೆದೆ. ಬರೆಯುವಾಗ ಅಜ್ಜನ ಕಡೆ ನೋಡಲಿಲ್ಲ.

ಮುಂದಿನದು ಈ ಕರಾವಳಿಯವರಿಗೆಲ್ಲ ಗೊತ್ತು. ಮೂರ್ನಾಲ್ಕು ವರ್ಷ ಹಣ ಬಂತು. ಯಂತ್ರದಲ್ಲಿ ಕೆರೆ ತೋಡಿದರು, ಚೀಲದಲ್ಲಿ ಮೇವು ತಂದು ಸುರಿದರು, ಕಾವಲಿಗೆ ನಾಯಿ ಕಟ್ಟಿದರು. ಬುಟ್ಟಿ ತೇಲಿಸಿಕೊಂಡು ಇಳಿದ ಹೆಂಗಸರನ್ನು ಕಳ್ಳರೆಂದು ಗದರಿದರು. ನನಗೆ ಎಲ್ಲಕ್ಕಿಂತ ನೋವಾದದ್ದು ಅದೇ. ತೊಂಬತ್ತರ ದಶಕದ ನಡುವಿಗೆ ಬಿಳಿಚುಕ್ಕೆ ರೋಗ ಬಂತು; ಬೆಳಿಗ್ಗೆ ಎದ್ದು ನೋಡಿದರೆ ಕೆರೆಯ ಅಂಚಿನ ತುಂಬ ಸತ್ತ ಶೆಟ್ಲಿ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಕೆರೆಗಳ ವಿರುದ್ಧ ತೀರ್ಪು ಕೊಡುವ ಹೊತ್ತಿಗೆ ನಮ್ಮ ಗುತ್ತಿಗೆದಾರ ಹೇಳದೆ ಕೇಳದೆ ಹೊರಟುಹೋಗಿದ್ದ. ಒಡ್ಡು ಒಂದು ಹುಣ್ಣಿಮೆಯ ರಾತ್ರಿ ಒಡೆಯಿತು. ಕಟ್ಟಲು ಯಾರೂ ಹೋಗಲಿಲ್ಲ. ಅಜ್ಜ ಅದಕ್ಕೆ ಮೊದಲೇ ತೀರಿಕೊಂಡಿದ್ದ. ಬೀಜದ ಕಗ್ಗ ಅಟ್ಟದ ಮೇಲೆ ಹುಳ ಹಿಡಿದು ಹಿಟ್ಟಾಗಿತ್ತು.

ಈಗ ಅಲ್ಲಿ ಕಾಂಡ್ಲ, ಅಂದರೆ ಮ್ಯಾಂಗ್ರೋವ್, ಬೆಳೆದಿದೆ. ತಾನಾಗಿ ಬಂದದ್ದು ಕೆಲವು, ಅರಣ್ಯ ಇಲಾಖೆಯವರು ನೆಟ್ಟದ್ದು ಕೆಲವು. ಬೇರುಗಳ ಸಂದಿಯಲ್ಲಿ ಮೀನುಮರಿ ಹೆಚ್ಚಿದೆ, ಚಳಿಗಾಲಕ್ಕೆ ಹಕ್ಕಿಗಳು ಬರುತ್ತವೆ. ಇದು ಹಾಳಾದ ನೆಲ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಸಂಜೆ ಹೊತ್ತು ಅದು ಎಷ್ಟು ಚಂದ ಕಾಣುತ್ತದೆಂದರೆ ನೋಡುತ್ತ ನಿಂತುಬಿಡುತ್ತೇನೆ. ತದಡಿಗೆ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆಂದಾಗ ನಾವೆಲ್ಲ ರಸ್ತೆಗಿಳಿದೆವು, ಅದು ನಿಂತಿತು. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆಗೆ ರಾಮ್ಸರ್ ತಾಣದ ಮಾನ್ಯತೆಯೂ ಸಿಕ್ಕಿತು. ಪತ್ರಿಕೆಯಲ್ಲಿ ಓದಿ ಹೆಮ್ಮೆಪಟ್ಟೆ. ಆದರೆ ನೋಡಲು ಬರುವವರು ದೋಣಿಯಲ್ಲಿ ಫೋಟೊ ತೆಗೆದುಕೊಂಡು, ಇದೆಲ್ಲ ಮನುಷ್ಯ ಮುಟ್ಟದ ಕಾಡು ಎಂದು ಹೇಳಿಕೊಂಡು ಗೋಕರ್ಣದ ರೆಸಾರ್ಟಿಗೆ ಹಿಂದಿರುಗುತ್ತಾರೆ. ಮುಟ್ಟದ್ದೇ? ನಲವತ್ತು ಎಕರೆಯ ಒಂದೊಂದು ಹೆಂಟೆಯನ್ನೂ ನನ್ನ ಅಮ್ಮನ ಕಾಲು ಮುಟ್ಟಿದೆ. ಮರ ಎಣಿಸುತ್ತಾರೆ, ಹಕ್ಕಿ ಎಣಿಸುತ್ತಾರೆ. ಉಪ್ಪು ನೀರಿಗೆ ಭತ್ತ ಒಗ್ಗಿಸಿದ ಜನ ಇಲ್ಲಿದ್ದರು ಎಂಬುದು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಸಮುದ್ರ ಏರುತ್ತಿದೆ, ಉಪ್ಪು ತಡೆಯುವ ತಳಿ ಬೇಕು ಎಂದು ಈಗ ಎಲ್ಲ ಕಡೆ ಮಾತಾಡುತ್ತಾರೆ. ಅದು ನಮ್ಮ ಅಟ್ಟದ ಮೇಲಿತ್ತು.

ಸಂಜೆ ಮೊಮ್ಮಗಳನ್ನು ಒಡ್ಡಿಗೆ ಕರೆದುಕೊಂಡು ಹೋದೆ. ಜಂತ್ರದ ಹಲಗೆಗಳು ಯಾವತ್ತೋ ಕೊಚ್ಚಿಹೋಗಿವೆ. ಎರಡು ಕಂಬ ಮಾತ್ರ ಉಳಿದಿವೆ, ಮೈತುಂಬ ಕಲ್ವದ ಚಿಪ್ಪು ಕಚ್ಚಿಕೊಂಡು. ಗಾಡಿಯೊಳಗೆ ಕೈ ಹಾಕಲು ಹೇಳಿದೆ. ಎಷ್ಟೋ ವರ್ಷ ಹಲಗೆ ಉಜ್ಜಿ ಉಜ್ಜಿ ಕಲ್ಲು ಅಲ್ಲಿ ಇನ್ನೂ ನುಣ್ಣಗಿದೆ. ಅವಳು ಬೆರಳಾಡಿಸಿ ಆಡಿಸಿ ನೋಡಿದಳು. ಕೆಳಗೆ ಕಿಂಡಿಯಲ್ಲಿ ನೀರು ಅಲುಗಾಡದೆ ನಿಂತಿತ್ತು.

"ಈಗ ಬರ್ತಾ ಇದೆಯಾ, ಹೋಗ್ತಾ ಇದೆಯಾ ಅಜ್ಜ?"

"ನಿನ್ನೆ ಇಳಿತ ಎಷ್ಟೊತ್ತಿಗೆ ಮುಗಿದಿತ್ತು ಅಂತ ನಾನು ನೋಡಿದ್ದೇನೆ" ಅಂದೆ. "ಅದಕ್ಕೆ ಎರಡು ಗಳಿಗೆ ಕೂಡಿಸು."

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು, ಕೈಗಡಿಯಾರ ನೋಡಿದಳು. ಇನ್ನೂ ಆರು ನಿಮಿಷ ಇತ್ತು. ಇಬ್ಬರೂ ಒಡ್ಡಿನ ಮೇಲೆ ಕೂತೆವು. ತದಡಿಯ ಕಡೆಯಿಂದ ಒಂದು ಒಣ ಕಾಂಡ್ಲದೆಲೆ ತೇಲಿಕೊಂಡು ಬಂದು, ಕಂಬಗಳ ನಡುವೆ ಸ್ವಲ್ಪ ತಿರುಗಿ, ಒಳಗೆ ಹೋಯಿತು.