ಡ್ರಾಕುಲಾನನ್ನೇ ಹಿಂದೆ ಹಾಕಿದ್ದ ಹುಳ

ಡ್ರಾಕುಲಾ ಗೊತ್ತಿಲ್ಲದವರು ಯಾರೂ ಇರಲಿಕ್ಕಿಲ್ಲ. ಪುಸ್ತಕ ಓದದಿದ್ದವರೂ ಸಿನಿಮಾ ನೋಡಿರುತ್ತಾರೆ. ಆದರೆ ಅದೇ 1897ರಲ್ಲಿ 'ದಿ ಬೀಟಲ್' ಅಂತ ಇನ್ನೊಂದು ಭಯಾನಕ ಕಾದಂಬರಿ ಬಂದಿತ್ತು, ಶುರುವಿನಲ್ಲಿ ಡ್ರಾಕುಲಾಗಿಂತ ಅದೇ ಜಾಸ್ತಿ ಖರ್ಚಾಗಿತ್ತು ಅಂದರೆ ನಂಬ್ತೀರಾ? ಬರೆದವನು ರಿಚರ್ಡ್ ಮಾರ್ಷ್. ಈಗ ಯಾರಿಗೂ ನೆನಪಿಲ್ಲ, ಪಾಪ.

ಈಜಿಪ್ಟಿನಿಂದ ಲಂಡನ್ನಿಗೆ ಬರುವ ಒಂದು ಜೀವಿಯ ಕಥೆ ಇದು. ಅದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಬೇಕೆಂದಾಗ ಜೀರುಂಡೆಯಾಗುತ್ತದೆ, ಕಣ್ಣಲ್ಲೇ ಜನರನ್ನು ವಶ ಮಾಡಿಕೊಳ್ಳುತ್ತದೆ. ಅದರ ಸೇಡೆಲ್ಲ ಪಾಲ್ ಲೆಸಿಂಗ್‌ಹ್ಯಾಂ ಎಂಬ ರಾಜಕಾರಣಿಯ ಮೇಲೆ. ನಾಲ್ಕು ಜನ ಸರದಿಯಂತೆ ಕಥೆ ಹೇಳುತ್ತಾರೆ, ಕೊನೆಯವನು ಪತ್ತೇದಾರ.

ಓದುತ್ತಾ ನನಗೆ ಇರಿಸುಮುರಿಸೂ ಆಯಿತು. ಬ್ರಿಟಿಷರು 1882ರಲ್ಲೇ ಈಜಿಪ್ಟಿಗೆ ಸೈನ್ಯ ನುಗ್ಗಿಸಿ ಕೂತಿದ್ದರು. ಇನ್ನೊಬ್ಬರ ಮನೆಗೆ ನುಗ್ಗಿದವರು ಇವರು, ಕಥೆಯಲ್ಲಿ ಇವರ ಮನೆಗೆ ನುಗ್ಗುವ ಭೂತ ಮಾತ್ರ ಈಜಿಪ್ಟಿನದು! ಇಂಥ ಕಥೆಗಳಲ್ಲಿ ನಮ್ಮ ಕಡೆಯವರಿಗೆ ಸಿಗುವ ಪಾತ್ರ ಯಾವುದು ಅಂತ ಬೇರೆ ಹೇಳಬೇಕಿಲ್ಲ ಬಿಡಿ.

ಆದರೂ ಪುಸ್ತಕ ಕೆಳಗಿಡಲು ಆಗಲಿಲ್ಲ. ಕಾರಣ ಭೂತವಲ್ಲ, ಮೊದಲ ಪುಟಗಳ ಹಸಿವು. ಕೆಲಸ ಕಳೆದುಕೊಂಡ ಗುಮಾಸ್ತನೊಬ್ಬ ಒಂದು ರಾತ್ರಿಯ ಮಟ್ಟಿಗೆ ನಿರ್ಗತಿಕರ ಆಶ್ರಯದ ಬಾಗಿಲು ತಟ್ಟುತ್ತಾನೆ. ಅಲ್ಲೂ ಜಾಗವಿಲ್ಲ. ಮಳೆಯಲ್ಲಿ ಅಲೆಯುತ್ತಾ, ತೆರೆದ ಕಿಟಕಿಯೊಂದನ್ನು ಕಂಡು ಒಳಗೆ ಇಳಿದುಬಿಡುತ್ತಾನೆ. ಅಲ್ಲಿ ಕಾದಿರುವುದು ಆ ಹುಳ.

ಮುಚ್ಚಿದ ಬಾಗಿಲೆಂದರೆ ಏನೆಂದು ಮಾರ್ಷ್‌ಗೆ ಗೊತ್ತಿತ್ತು ಅನ್ನಿಸುತ್ತದೆ. ಅವನ ನಿಜವಾದ ಹೆಸರು ಬರ್ನಾರ್ಡ್ ಹೆಲ್ಡ್‌ಮನ್. ಮಕ್ಕಳಿಗಾಗಿ ಸಾಹಸಕಥೆ ಬರೆಯುತ್ತಿದ್ದವನು ಚೆಕ್ ವಂಚನೆಯಲ್ಲಿ ಸಿಕ್ಕಿಬಿದ್ದ. 1884ರಲ್ಲಿ 18 ತಿಂಗಳ ಕಠಿಣ ಸಜೆ. ಹೊರಗೆ ಬಂದ ಮೇಲೆ ಹಳೆಯ ಹೆಸರನ್ನು ಅಲ್ಲೇ ಬಿಟ್ಟ. ಹೊಸ ಹೆಸರಿನಲ್ಲಿ, 1915ರಲ್ಲಿ ಸಾಯುವವರೆಗೂ ಬರೆದೇ ಬರೆದ. ಸುಮಾರು 80 ಪುಸ್ತಕ!

ಅಂದ ಹಾಗೆ, 1911ರಲ್ಲಿ 'ಸ್ಟ್ರ್ಯಾಂಡ್' ಪತ್ರಿಕೆಗೆ ಅವನು ಜೂಡಿತ್ ಲೀ ಎಂಬ ಪತ್ತೇದಾರಿಣಿಯನ್ನು ಸೃಷ್ಟಿಸಿದ. ಕಿವುಡರಿಗೆ ಪಾಠ ಹೇಳುವ ಟೀಚರ್ ಈಕೆ; ದೂರದಿಂದಲೇ ತುಟಿಯ ಚಲನೆ ನೋಡಿ ಮಾತು ಹಿಡಿಯುತ್ತಾಳೆ. ಯಾರ ಗುಟ್ಟೂ ಅವಳ ಮುಂದೆ ನಿಲ್ಲುವುದಿಲ್ಲ. ಸ್ವಂತ ಹೆಸರನ್ನೇ ಗುಟ್ಟಾಗಿ ಇಟ್ಟುಕೊಂಡವನು ಇವಳನ್ನು ಬರೆಯುವಾಗ ಏನಂದುಕೊಂಡನೋ!

'ದಿ ಬೀಟಲ್' ಗುಟೆನ್‌ಬರ್ಗ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಓದಿ ನೋಡಿ, ಹೇಗನ್ನಿಸಿತು ಹೇಳಿ. ರಾತ್ರಿ ಮಾತ್ರ ಕಿಟಕಿ ಹಾಕಿಕೊಳ್ಳಿ :-)