ಮಂಗನ ಹೆಸರು, ಉಣುಗಿನ ಕೆಲಸ

ಪದವಿ ಮುಗಿದ ಮೇಲೆ ಆರೋಗ್ಯ ಸಂವಹನದ ಸರ್ಟಿಫಿಕೇಟ್ ಕೋರ್ಸ್ ಸೇರಿದೆ ಎಂದಾಗ ಮನೆಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಅಂದ್ರೆ ಡಾಕ್ಟರೋ, ನರ್ಸೋ?" ಎರಡೂ ಅಲ್ಲ. ಡಾಕ್ಟರು ಹೇಳಿದ್ದು ರೋಗಿಯನ್ನು ತಲುಪುವ ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತದೆ ಎಂದು ಹುಡುಕುವ ಓದು ಇದು.

ಅಲ್ಲಿ ಕಲಿತದ್ದರಲ್ಲಿ ನನಗೆ ಬಹಳ ಹಿಡಿಸಿದ್ದು 'ಟೀಚ್-ಬ್ಯಾಕ್' ಎಂಬ ಪದ್ಧತಿ. ವಿವರಿಸಿದ ಮೇಲೆ "ಅರ್ಥ ಆಯ್ತಾ?" ಎಂದು ಕೇಳಬಾರದು. ಆ ಪ್ರಶ್ನೆಗೆ ಎಲ್ಲರೂ ತಲೆಯಾಡಿಸುತ್ತಾರೆ. ಡಾಕ್ಟರ ಎದುರು ಇಲ್ಲ ಎನ್ನಲು ಸಂಕೋಚ. "ಮನೆಯವರಿಗೆ ಇದನ್ನ ಹೇಗೆ ಹೇಳ್ತೀರಿ?" ಎಂದು ಕೇಳಬೇಕು. ಉತ್ತರ ತಪ್ಪಿದರೆ ಅದು ಕೇಳಿಸಿಕೊಂಡವರ ದಡ್ಡತನವಲ್ಲ, ಹೇಳಿದ ರೀತಿಯ ಸೋಲು.

ಕೋರ್ಸಿನ ಕೊನೆಗೆ ಒಂದು ಕರಪತ್ರ ಬರೆಯಬೇಕಿತ್ತು. ನಮ್ಮ ಮಲೆನಾಡಿನ ಕಾಯಿಲೆಯನ್ನೇ ಆರಿಸಿಕೊಂಡೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿತು. ವಿಜ್ಞಾನಿಗಳು ರೋಗಕ್ಕೆ ಕಾಡಿನ ಹೆಸರಿಟ್ಟರು. ಜನ ಕಣ್ಣಿಗೆ ಕಂಡದ್ದರ ಹೆಸರಿಟ್ಟರು: ಮಂಗನ ಕಾಯಿಲೆ. ಆದರೆ ವೈರಸ್ಸನ್ನು ಮನುಷ್ಯರಿಗೆ ದಾಟಿಸುವುದು ಮುಖ್ಯವಾಗಿ ಉಣುಗು. ಮಂಗವೂ ನಮ್ಮಂತೆಯೇ ಅದಕ್ಕೆ ಬಲಿಯಾಗುವ ಪ್ರಾಣಿ. ಹೆಸರಿನಲ್ಲಿಲ್ಲದ ಉಣುಗು ಭಯದಲ್ಲೂ ಇಲ್ಲ. ಸತ್ತ ಮಂಗವನ್ನು ಕಂಡು ದೂರ ಸರಿದವರು ತರಗೆಲೆಯ ರಾಶಿಯ ಮೇಲೆ ಕೂತು ಎಲೆ ಅಡಿಕೆ ಹಾಕುವುದನ್ನು ನೋಡಿದ್ದೇನೆ.

ಬರೆಯುವ ಮೊದಲು ದೊಡ್ಡಮ್ಮನನ್ನು ಕೇಳಿದೆ. ಕಾಡಿಗೆ ಹೋಗಬಾರದೆಂಬ ಸೂಚನೆ ಆಕೆಗೆ ಬಾಯಿಪಾಠ. "ಹೋಗ್ದಿದ್ರೆ ಕೊಟ್ಟಿಗೆಗೆ ಏನು ಹಾಸ್ಲಿ? ತೋಟಕ್ಕೆ ಗೊಬ್ಬರ ಎಲ್ಲಿಂದ ತರ್ಲಿ?" ಎಂದಳು. ಕಾಯಿಲೆ ಹೆಚ್ಚುವ ಬೇಸಿಗೆಯ ದಿನಗಳೇ ತರಗೆಲೆ ಗುಡಿಸುವ ಕಾಲ. ನಮ್ಮ ಕೇರಿಯಲ್ಲಿ ಈ ಜ್ವರದಿಂದ ತೀರಿಕೊಂಡ ಹೆಂಗಸೂ ಎಲೆ ತರಲು ಹೋದವರೇ. ಅವರಿಗೂ ಆ ಸೂಚನೆ ಗೊತ್ತಿತ್ತು.

ಹಾಗಾಗಿ 'ಹೋಗಬೇಡಿ' ಎಂದು ಬರೆಯಲಿಲ್ಲ. ಮೈಮುಚ್ಚುವ ಬಟ್ಟೆ ತೊಡಿ, ತೆರೆದ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿ, ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ, ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ತಿಳಿಸಿ ಎಂದೆ. ದೊಡ್ಡಮ್ಮನಿಗೆ ಓದಿ, "ಪಕ್ಕದ ಮನೆಯವ್ರಿಗೆ ಹೇಗೆ ಹೇಳ್ತೀರಿ?" ಎಂದು ಕೇಳಿದೆ.

"ಎಣ್ಣೆ ಹಚ್ಕೊಂಡು ಹೋಗು. ಬಂದವಳು ಒಲೆ ಮುಂದೆ ಕೂರ್ಬೇಡ, ಸೀದಾ ಬಚ್ಚಲಿಗೆ ಹೋಗು," ಎಂದಳು. ಕರಪತ್ರದ ತಲೆಬರಹಕ್ಕೆ ಅದನ್ನೇ ಇಟ್ಟೆ.

ಆಮೇಲೆ ಆಕೆ ಇನ್ನೊಂದು ಮಾತು ಸೇರಿಸಿದಳು: "ಹಂಡೆ ನೀರು ಕಾಯ್ಬೇಕಲ್ಲ, ಆ ಸೌದೆಗೂ ಕಾಡಿಗೇ ಹೋಗ್ಬೇಕು." ಅದಕ್ಕೆ ಕರಪತ್ರದಲ್ಲಿ ಉತ್ತರವಿಲ್ಲ.